ವಿಚ್ಛೇದನವನ್ನು ರಾಜಿಯಲ್ಲಿ ಮುಗಿಸುವುದು: ಖಾಸಗಿ ಮಧ್ಯಸ್ಥಿಕೆ, ಕೋರ್ಟಿನ ಮಧ್ಯಸ್ಥಿಕೆ ಕೇಂದ್ರ, ವಕೀಲರ ಮಾತುಕತೆ – ಯಾವುದು ಯಾರಿಗೆ?

ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು ಯಾವ ಮಧ್ಯಸ್ಥಗಾರರೂ ರದ್ದು ಮಾಡಲಾರರು. ಛಾಪಾ ಕಾಗದದ ಮೇಲೆ ಗಂಡ ಹೆಂಡತಿ ಸಹಿ ಹಾಕಿ, ನೋಟರಿ ಮುಂದೆ ಮೊಹರು ಒತ್ತಿಸಿಕೊಂಡ 'ವಿಚ್ಛೇದನ ಪತ್ರ'ವನ್ನು ನಂಬಿ ಎರಡನೇ ಮದುವೆಯಾಗಿ ಆಮೇಲೆ ಒದ್ದಾಡುವವರು ಇವತ್ತಿಗೂ ಇದ್ದಾರೆ. ಸಮುದಾಯದ ರೂಢಿಯಲ್ಲೇ ವಿಚ್ಛೇದನವಿದೆ ಎಂದು ಸಾಬೀತು ಮಾಡಬಲ್ಲವರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಡಿಕ್ರಿ (ಮದುವೆ ಮುಗಿಯಿತೆನ್ನುವ ನ್ಯಾಯಾಲಯದ ಆದೇಶ) ಬರಬೇಕಾದದ್ದು ಕೌಟುಂಬಿಕ ನ್ಯಾಯಾಲಯದಿಂದಲೇ. ಹೊರಗೆ ಮುಗಿಯುವುದು ಜಗಳ ಮಾತ್ರ: ಹಣ ಎಷ್ಟು, ಮಕ್ಕಳು ಯಾರ ಹತ್ತಿರ, ಮನೆ ಯಾರಿಗೆ, ಹಾಕಿದ ಕೇಸುಗಳು ಏನಾಗಬೇಕು. ಇವು ಇತ್ಯರ್ಥವಾದರೆ ಕಾಯ್ದೆಯ 13ಬಿ ಕಲಂ ಅಡಿ ಇಬ್ಬರೂ ಸೇರಿ ಜಂಟಿ ಅರ್ಜಿ ಹಾಕುತ್ತಾರೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 28ನೇ ಕಲಂ ಇದೇ ಕೆಲಸ ಮಾಡುತ್ತದೆ.

ಆ ಒಪ್ಪಂದದವರೆಗೆ ತಲುಪಲು ಜನ ಹಿಡಿಯುವ ದಾರಿ ಮುಖ್ಯವಾಗಿ ಮೂರು. ಮೂರರಲ್ಲೂ ಕಡತ ನಡೆಸಿ, ಎಲ್ಲಿ ಕೆಲಸವಾಗುತ್ತದೆ, ಎಲ್ಲಿ ಮುರಿದುಬೀಳುತ್ತದೆ ಎಂದು ನೋಡಿದ್ದರ ಆಧಾರದ ಮೇಲೆ ಈ ಹೋಲಿಕೆ.

ಕೇಸು ಹಾಕುವ ಮೊದಲು: ಖಾಸಗಿ ಮಧ್ಯಸ್ಥಿಕೆ

ಇಬ್ಬರೂ ಒಪ್ಪಿ ತರಬೇತಿ ಪಡೆದ ಮಧ್ಯಸ್ಥಗಾರರೊಬ್ಬರನ್ನು ಆರಿಸಿಕೊಳ್ಳುವುದು, ಶುಲ್ಕವನ್ನು ಹಂಚಿಕೊಳ್ಳುವುದು. ದೊಡ್ಡ ಅನುಕೂಲವೆಂದರೆ ಸಮಯ ನಿಮ್ಮ ಕೈಯಲ್ಲಿರುತ್ತದೆ. ಕೆಲಸಕ್ಕೆ ರಜೆ ಹಾಕದೆ ಸಂಜೆ ಅಥವಾ ಶನಿವಾರ ಕೂರಬಹುದು. ಒಬ್ಬರು ವಿದೇಶದಲ್ಲಿದ್ದರೆ ವಿಡಿಯೋ ಮೂಲಕವೂ ಆಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆರೋಪಗಳು ಇನ್ನೂ ಕಾಗದಕ್ಕೆ ಇಳಿದಿರುವುದಿಲ್ಲ. ಅರ್ಜಿಯಲ್ಲಿ ಕ್ರೌರ್ಯ, ಅನೈತಿಕ ಸಂಬಂಧ ಎಂದೆಲ್ಲ ಬರೆದು ಆ ಪ್ರತಿ ಎದುರಿನ ಮನೆಯವರ ಕೈಗೆ ಸೇರಿದ ಮೇಲೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಒಂದೇ ಕುಟುಂಬದ ವಿಷಯ, ಒಂದೇ ಮೊತ್ತ. ಆದರೆ ಅರ್ಜಿ ಹಾಕುವ ಮುಂಚೆ ವಾರಗಳಲ್ಲಿ ಮುಗಿಯಬಹುದಾದದ್ದು ಹಾಕಿದ ಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ.

ಕೊರತೆಯೂ ದೊಡ್ಡದೇ. ಕಾಗದಪತ್ರ ತೋರಿಸಿ ಎಂದು ಒತ್ತಾಯಿಸುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ಒಬ್ಬರು ಆದಾಯ ಮುಚ್ಚಿಟ್ಟರೆ ಒಪ್ಪಂದದ ಬುಡವೇ ಸುಳ್ಳಾಗುತ್ತದೆ. ಇದಕ್ಕೆ ನಾವು ಕಂಡುಕೊಂಡ ಒಳ್ಳೆಯ ಉಪಾಯ, ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಕೊಟ್ಟ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರದ ನಮೂನೆಯನ್ನು ಇಲ್ಲಿಯೂ ಬಳಸುವುದು. ಅದು ಜೀವನಾಂಶದ ಕೇಸುಗಳಿಗಾಗಿ ಮಾಡಿದ್ದು. ಆದರೆ ಎರಡೂ ಕಡೆಯವರು ಮೊದಲ ಸಭೆಗೆ ಮುಂಚೆ ಅದನ್ನು ತುಂಬಿ ತಂದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಜೊತೆಗೆ ಮೂರು ವರ್ಷದ ಐಟಿ ರಿಟರ್ನ್, ಇತ್ತೀಚಿನ ಸಂಬಳ ಚೀಟಿಗಳು, ಎಲ್ಲ ಖಾತೆಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಗೃಹಸಾಲದ ಬಾಕಿ ಪತ್ರ, ಆಸ್ತಿ ಇದ್ದರೆ ಖಾತೆ ಅಥವಾ ಪಹಣಿ ಮತ್ತು ಋಣಭಾರ ಪ್ರಮಾಣಪತ್ರ. ತರಲು ಹಿಂಜರಿಯುವವರು ಇದ್ದರೆ ಖಾಸಗಿ ಮಧ್ಯಸ್ಥಿಕೆಗೆ ದುಡ್ಡು ಸುರಿಯಬೇಡಿ. ಆ ಜೋಡಿಗೆ ಕೋರ್ಟೇ ಸರಿ.

ಮಧ್ಯಸ್ಥಿಕೆ ಕಾಯ್ದೆ 2023ರಲ್ಲಿ ಬಂದಿದೆ, ಹಂತ ಹಂತವಾಗಿ ಜಾರಿಗೆ ಬರುವಂಥದ್ದು. ಏನೇ ಆದರೂ ಖಾಸಗಿಯಾಗಿ ಸಹಿಯಾದ ಒಪ್ಪಂದವನ್ನು ಜಂಟಿ ಅರ್ಜಿಗೆ ಲಗತ್ತಿಸಿ, ಅದರ ಷರತ್ತುಗಳು ಡಿಕ್ರಿಯೊಳಗೆ ಬರುವಂತೆ ಮಾಡುವುದೇ ಸುರಕ್ಷಿತ.

ಕೇಸು ಹಾಕಿದ ಮೇಲೆ: ಕೋರ್ಟಿನ ಮಧ್ಯಸ್ಥಿಕೆ ಕೇಂದ್ರ

ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಜಿಲ್ಲೆಗಳಲ್ಲಿ ನ್ಯಾಯಾಲಯದ ಆವರಣದಲ್ಲೇ ಕೇಂದ್ರಗಳಿವೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಪ್ರಕಾರ ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಹಾಗಾಗಿ ಎದುರುದಾರರು ಹಾಜರಾದ ಮೇಲೆ ಕಡತ ಸಾಮಾನ್ಯವಾಗಿ ಇಲ್ಲಿಗೆ ಬರುತ್ತದೆ. ಕಕ್ಷಿದಾರರು ಮಧ್ಯಸ್ಥಗಾರರಿಗೆ ಶುಲ್ಕ ಕೊಡಬೇಕಿಲ್ಲ.

ನಡೆಯುವ ಬಗೆ ಹೀಗೆ. ಮೊದಲು ಇಬ್ಬರನ್ನೂ ವಕೀಲರನ್ನೂ ಒಟ್ಟಿಗೆ ಕೂರಿಸಿ ನಿಯಮ ಹೇಳುತ್ತಾರೆ. ಬಳಿಕ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಮಾತನಾಡುತ್ತಾರೆ. ನಿಜವಾದ ಕೆಲಸ ಆಗುವುದು ಈ ಪ್ರತ್ಯೇಕ ಮಾತುಕತೆಯಲ್ಲೇ. ಅಲ್ಲಿ ನೀವು 'ಇಷ್ಟು ಗುಟ್ಟಾಗಿರಲಿ' ಎಂದು ಹೇಳಿದ್ದನ್ನು ಆಚೆ ಕಡೆಯವರಿಗೆ ಹೇಳುವಂತಿಲ್ಲ. ರಾಜಿಯಾಗದಿದ್ದರೆ ಕೋರ್ಟಿಗೆ ಹೋಗುವ ವರದಿಯಲ್ಲಿ 'ಆಗಲಿಲ್ಲ' ಎಂಬುದಷ್ಟೇ ಇರಬೇಕು. ಯಾರು ಎಷ್ಟಕ್ಕೆ ಒಪ್ಪಿದ್ದರು ಎಂಬುದು ಬರಕೂಡದು ಎಂದು ಮೋತಿ ರಾಮ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ಈ ಧೈರ್ಯ ಇಟ್ಟುಕೊಂಡು ಮಾತನಾಡಿ. 'ಒಂದು ಮೊತ್ತ ಹೇಳಿದರೆ ನಾಳೆ ಜಡ್ಜ್ ಮುಂದೆ ಅದೇ ಬರುತ್ತದೆ' ಎಂಬ ಹೆದರಿಕೆಯಿಂದ ಬಾಯಿ ಬಿಡದೆ ಎದ್ದು ಬರುವವರು ಬಹಳ ಮಂದಿ.

ಖಾಸಗಿ ದಾರಿಗೆ ಸಾಧ್ಯವಾಗದ ಒಂದು ಕೆಲಸ ಈ ಕೇಂದ್ರದಲ್ಲಿ ಚೆನ್ನಾಗಿ ಆಗುತ್ತದೆ: ಹರಡಿಕೊಂಡ ಕೇಸುಗಳನ್ನೆಲ್ಲ ಒಂದೇ ಒಪ್ಪಂದದಲ್ಲಿ ಕಟ್ಟುವುದು. ವಿಚ್ಛೇದನದ ಅರ್ಜಿ ಒಂದು ಕೋರ್ಟಿನಲ್ಲಿ, ಜೀವನಾಂಶ ಇನ್ನೊಂದರಲ್ಲಿ, ಕೌಟುಂಬಿಕ ಹಿಂಸೆಯ ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ, 498ಎ ಮೊಕದ್ದಮೆ (ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಕ್ರಿಮಿನಲ್ ಕೇಸು) ಬೇರೆ ಊರಿನಲ್ಲಿ. ಎಲ್ಲದರ ಸಂಖ್ಯೆಯನ್ನೂ ಬರೆದು ಯಾವುದನ್ನು ಯಾರು ಯಾವಾಗ ಹಿಂಪಡೆಯಬೇಕು ಎಂದು ಒಂದೇ ಕಾಗದದಲ್ಲಿ ನಮೂದಿಸಬಹುದು.

ಇಲ್ಲಿನ ತೊಂದರೆ ಮೂರು. ಮುಂದಿನ ದಿನಾಂಕ ನಿಮ್ಮ ಅನುಕೂಲಕ್ಕೆ ಸಿಗುವುದಿಲ್ಲ. ಮಧ್ಯಸ್ಥಗಾರರನ್ನು ನೀವೇ ಆರಿಸುವುದು ಕಡಿಮೆ. ಮೂರನೆಯದು ಎಲ್ಲಕ್ಕಿಂತ ಗಂಭೀರ: ಕೇಸನ್ನು ಎಳೆಯಬೇಕೆಂದಿರುವವರು ಮಧ್ಯಸ್ಥಿಕೆಯನ್ನೇ ನೆಪ ಮಾಡಿಕೊಳ್ಳುತ್ತಾರೆ. 'ಮಾತುಕತೆ ನಡೆಯುತ್ತಿದೆ' ಎಂದು ಹೇಳಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಮುಂದೂಡಿಸುತ್ತಾ ಹೋಗುತ್ತಾರೆ. ಮಕ್ಕಳ ಫೀಸು ಕಟ್ಟಬೇಕಾದ ತಾಯಿ ಅಷ್ಟರಲ್ಲಿ ಸೋತು, ಕಡಿಮೆ ಮೊತ್ತಕ್ಕೆ ಒಪ್ಪಿಬಿಡುತ್ತಾಳೆ. ಇದಕ್ಕೆ ಮದ್ದು, ಮಧ್ಯಸ್ಥಿಕೆಗೆ ಕಳುಹಿಸುವ ಮುಂಚೆಯೇ ಮಧ್ಯಂತರ ಅರ್ಜಿಯ ಮೇಲೆ ಆದೇಶ ಕೇಳುವುದು, ಅಥವಾ ಮಾತುಕತೆ ಮುಗಿಯುವವರೆಗೆ ತಿಂಗಳಿಗೆ ಇಷ್ಟು ಕೊಡಬೇಕೆಂಬ ಮೆಮೊ ಹಾಕಿಸುವುದು.

ಹೊಡೆತ ಬಡಿತ ಇದ್ದ ಮನೆಯಿಂದ ಬಂದವರು ಎದುರು ಬದುರು ಕೂರಲು ಒಪ್ಪಬೇಕಾಗಿಲ್ಲ. ಪ್ರತ್ಯೇಕ ಕೋಣೆ ಕೇಳಿ, ವಕೀಲರು ಜೊತೆಗಿರಲಿ ಎನ್ನಿ. ಭಯದಲ್ಲಿ ಹಾಕಿದ ಸಹಿ ರಾಜಿಯಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯ 12ನೇ ಕಲಂ ಕೊಟ್ಟ ಹಕ್ಕು ಅದು.

ಇಬ್ಬರು ವಕೀಲರ ನಡುವಿನ ಮಾತುಕತೆ, ಮತ್ತು ಉಳಿದವು

ಮಕ್ಕಳಿಲ್ಲ, ಜಂಟಿ ಆಸ್ತಿಯಿಲ್ಲ, ಇಬ್ಬರಿಗೂ ಸಂಬಳವಿದೆ ಎಂದಾದರೆ ಮಧ್ಯಸ್ಥಗಾರರೇ ಬೇಕಿಲ್ಲ. ಇಬ್ಬರು ವಕೀಲರು ಕೂತು ಕರಡು ತಯಾರಿಸಿದರೆ ಸಾಕು, ಇದಕ್ಕಿಂತ ಬೇಗ ಮುಗಿಯುವ ದಾರಿ ಇಲ್ಲ. ಆದರೆ ಮಗು ಇದ್ದ ಮನೆಗೆ ನಾವು ಇದನ್ನು ಒಪ್ಪುವುದಿಲ್ಲ. ವಕೀಲರು ಮೊತ್ತದ ಬಗ್ಗೆ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಮಗು ಹಬ್ಬಕ್ಕೆ ಯಾರ ಮನೆಯಲ್ಲಿರಬೇಕು ಎಂಬುದನ್ನು ತಾಯ್ತಂದೆಯರೇ ಮಾತಾಡಬೇಕು.

ಹಿರಿಯರ ಪಂಚಾಯಿತಿಯಲ್ಲಿ ಆದದ್ದು ಹಿರಿಯರು ಇರುವವರೆಗೆ ನಡೆಯುತ್ತದೆ, ಲಿಖಿತದಲ್ಲಿ ಬರುವುದು ಅಪರೂಪ. ಲೋಕ ಅದಾಲತ್ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆಯಿದೆ. ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ದಾಂಪತ್ಯದ ವ್ಯಾಜ್ಯಗಳನ್ನು ತೆಗೆದುಕೊಳ್ಳುವುದು ವಿಚ್ಛೇದನ ಹೊರತುಪಡಿಸಿ. ಜೀವನಾಂಶದ ಬಾಕಿ ತೀರಿಸಲು, ಮತ್ತೆ ಒಂದಾಗಲು ಅದು ಸರಿ.

ಒಪ್ಪಂದ ಮುರಿಯುವುದು ಎಲ್ಲಿ

ಯಾವ ದಾರಿಯಲ್ಲಿ ಬಂದರೂ ಕೊನೆಗೆ ಉಳಿಯುವುದು ಕೆಲವು ಹಾಳೆಗಳ ಒಪ್ಪಂದ. ದಾರಿಗಳ ನಡುವಿನ ವ್ಯತ್ಯಾಸಕ್ಕಿಂತ ಈ ಹಾಳೆಗಳನ್ನು ಎಷ್ಟು ಜಾಗ್ರತೆಯಾಗಿ ಬರೆದಿದ್ದಾರೆ ಎಂಬುದೇ ಹೆಚ್ಚು.

ಮೊದಲು ಕಾಲದ ಲೆಕ್ಕ. 13ಬಿ ಅಡಿ ಅರ್ಜಿ ಹಾಕುವ ಹೊತ್ತಿಗೆ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿಯಾದ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ತೀರ್ಪಾಯಿತು. ಆದರೆ ತಾನಾಗಿ ಸಿಗುವುದಿಲ್ಲ. ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆಯಾಗಿದ್ದರು, ಒಂದುಗೂಡಿಸುವ ಪ್ರಯತ್ನಗಳೆಲ್ಲ ಸೋತವು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ಇತ್ಯರ್ಥವಾಗಿದೆ, ಇನ್ನೂ ಕಾಯಿಸಿದರೆ ಸಂಕಟವೇ ಹೆಚ್ಚು ಎಂದು ತೋರಿಸಬೇಕು. ಮಧ್ಯಸ್ಥಿಕೆಯಲ್ಲಿ ಎಲ್ಲ ಅಂಶ ಮುಗಿಸಿಕೊಂಡು ಬಂದವರಿಗೆ ಈ ಮನ್ನಾ ಸಲೀಸು. 'ಮೊತ್ತ ಆಮೇಲೆ ನೋಡೋಣ' ಎಂದವರಿಗೆ ಕಷ್ಟ.

ಎರಡು ಹಾಜರಿಗಳ ನಡುವಿನ ಈ ಅಂತರವೇ ಅಪಾಯದ ಜಾಗ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದು ಸುರೇಷ್ಟಾ ದೇವಿ ಪ್ರಕರಣ (1991) ಹೇಳುತ್ತದೆ. ಪೂರ್ತಿ ಹಣ ಮೊದಲೇ ಕೊಟ್ಟ ಗಂಡನ ಕೈ ಬರಿದು. ಪೂರ್ತಿ ಕೊನೆಗೆ ಎಂದು ಬರೆಸಿಕೊಂಡರೆ, ಕೇಸುಗಳನ್ನೆಲ್ಲ ಹಿಂಪಡೆದು ಕೂತ ಹೆಂಡತಿಗೆ ಯಾವ ಭದ್ರತೆಯೂ ಇಲ್ಲ. ಉದಾಹರಣೆಗೆ ಶಾಶ್ವತ ಜೀವನಾಂಶ 30 ಲಕ್ಷ ಎಂದಿಟ್ಟುಕೊಳ್ಳಿ. ಜಂಟಿ ಅರ್ಜಿಯ ದಿನ 10 ಲಕ್ಷ; 498ಎ ಮೊಕದ್ದಮೆ ಹೈಕೋರ್ಟಿನಲ್ಲಿ ರದ್ದಾಗುವ ದಿನ 10; ಡಿಕ್ರಿಗೆ ಕೊನೆಯ ಹೇಳಿಕೆ ಕೊಡುವ ದಿನ ನ್ಯಾಯಾಲಯದ ಸಭಾಂಗಣದಲ್ಲೇ ಡಿಡಿ ಮೂಲಕ 10. ಚೆಕ್ ಬೇಡ. ಡಿಡಿ ಸಂಖ್ಯೆ, ಬ್ಯಾಂಕು, ದಿನಾಂಕ ಆ ದಿನದ ಹೇಳಿಕೆಯಲ್ಲಿ ಬರಲಿ. ಮಧ್ಯದಲ್ಲಿ ಒಬ್ಬರು ಹಿಂದೆ ಸರಿದರೆ ಕೊಟ್ಟ ಹಣ ವಾಪಸೋ, ಮುಂದಿನ ಜೀವನಾಂಶಕ್ಕೆ ಜಮೆಯೋ ಎಂಬ ಸಾಲೂ ಇರಲಿ. ಬಹುತೇಕ ಕರಡುಗಳಲ್ಲಿ ಇಲ್ಲದಿರುವುದು ಈ ಸಾಲೇ.

498ಎ (ಈಗಿನ ಭಾರತೀಯ ನ್ಯಾಯ ಸಂಹಿತೆಯ 85) ಕರ್ನಾಟಕದಲ್ಲಿ ಇಬ್ಬರೂ ಒಪ್ಪಿ ಕೈಬಿಡುವ ಅಪರಾಧವಲ್ಲ. ಠಾಣೆಗೆ ಹೋಗಿ 'ವಾಪಸ್ ತಗೊಂಡಿದೀನಿ' ಎಂದರೆ ಮುಗಿಯುವುದಿಲ್ಲ. ರಾಜಿಯ ಪ್ರತಿ ಮತ್ತು ದೂರುದಾರರ ಪ್ರಮಾಣಪತ್ರ ಇಟ್ಟು ಹೈಕೋರ್ಟಿನಲ್ಲಿ ರದ್ದತಿಗೆ ಅರ್ಜಿ ಹಾಕಬೇಕು. ದಾಂಪತ್ಯದ ರಾಜಿಗಳಲ್ಲಿ ಹಾಗೆ ರದ್ದು ಮಾಡಬಹುದೆಂಬುದು ಗಿಯಾನ್ ಸಿಂಗ್ ತೀರ್ಪಿನಿಂದ (2012) ಗಟ್ಟಿಯಾಗಿದೆ. ಅತ್ತೆ, ಮಾವ, ನಾದಿನಿ ಆರೋಪಿಗಳಾಗಿದ್ದರೆ ಎಲ್ಲರ ಹೆಸರೂ ಒಪ್ಪಂದದಲ್ಲಿ ಬರಬೇಕು. ಒಬ್ಬರದು ಬಿಟ್ಟುಹೋದರೂ ಕೇಸು ಅವರ ಮೇಲೆ ಉಳಿಯಬಹುದು.

ಮನೆಯ ವಿಷಯದಲ್ಲಿ ಎರಡು ಎಚ್ಚರ. ಗೃಹಸಾಲ ಜಂಟಿಯಾಗಿದ್ದರೆ 'ಇನ್ನು ಮುಂದೆ ಗಂಡನೇ ಕಂತು ಕಟ್ಟತಕ್ಕದ್ದು' ಎಂಬ ಷರತ್ತು ಬ್ಯಾಂಕಿಗೆ ಅನ್ವಯಿಸುವುದಿಲ್ಲ. ಬ್ಯಾಂಕು ಒಪ್ಪಿ ಹೆಸರು ತೆಗೆಯುವವರೆಗೆ ಇಬ್ಬರೂ ಸಾಲಗಾರರೇ, ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ ಕುಸಿಯುತ್ತದೆ. ಸಹಿಗೆ ಮುಂಚೆ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ತನ್ನಿ. ಎರಡನೆಯದು ನೋಂದಣಿ. ಅರ್ಜಿಯ ಷೆಡ್ಯೂಲಿನಲ್ಲೇ (ಆಸ್ತಿ ವಿವರದ ಪಟ್ಟಿಯಲ್ಲೇ) ಇಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ಸೇರಿಸಿದರೆ, ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಅದನ್ನು ನೋಂದಾಯಿಸಬೇಕಾಗುತ್ತದೆ. ಸೈಟು, ಫ್ಲಾಟು ಹಂಚಿಕೆಯಿದ್ದರೆ ಚೆಕ್ಕುಬಂದಿ ಸಮೇತ ಷೆಡ್ಯೂಲಿನಲ್ಲಿ ಬರೆಸಿ. ಒಡವೆಗಳಿಗೆ 'ಎಲ್ಲ ಚಿನ್ನ ಹಿಂದಿರುಗಿಸಲಾಗಿದೆ' ಎಂಬ ಒಂದೇ ವಾಕ್ಯ ಸಾಲದು. ಬಿಡಿಬಿಡಿಯಾಗಿ ಪಟ್ಟಿ ಮಾಡಿ, ಗ್ರಾಂ ತೂಕ ಹಾಕಿ, ಮಧ್ಯಸ್ಥಗಾರರ ಎದುರೇ ಕೈಗೆ ಕೊಟ್ಟು ರಸೀದಿ ಪಡೆಯಿರಿ.

ಮಗುವಿನ ಷರತ್ತನ್ನು ಎಷ್ಟು ಬಿಡಿಸಿ ಬರೆದರೂ ಹೆಚ್ಚಲ್ಲ. 'ತಂದೆಗೆ ಸೂಕ್ತ ಭೇಟಿಯ ಹಕ್ಕು ಇರತಕ್ಕದ್ದು' ಎಂದು ಬರೆದ ಒಪ್ಪಂದ ಮೊದಲ ದಸರಾ ರಜೆಗೇ ಕಿತ್ತುಹೋಗುತ್ತದೆ. 'ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬೆಳಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ. ತಾಯಿಯ ಮನೆಯ ಗೇಟಿನಿಂದ ಕರೆದುಕೊಂಡು ಹೋಗಿ ಅಲ್ಲಿಗೇ ಬಿಡುವುದು. ಮಗುವಿಗೆ ಹುಷಾರಿಲ್ಲದಿದ್ದರೆ ಮುಂದಿನ ವಾರ' ಎಂದು ಬರೆದದ್ದು ವರ್ಷಗಟ್ಟಲೆ ನಡೆಯುತ್ತದೆ. ಬೇಸಿಗೆ ರಜೆಯ ಹಂಚಿಕೆ, ಬುಧವಾರದ ವಿಡಿಯೋ ಕರೆ, ಶಾಲೆ ಬದಲಿಸುವಾಗ ಯಾರನ್ನು ಕೇಳಬೇಕು, ಪಾಸ್‌ಪೋರ್ಟ್ ಅರ್ಜಿಗೆ ಎಷ್ಟು ದಿನದೊಳಗೆ ಸಹಿ ಕೊಡಬೇಕು, ಎಲ್ಲವೂ ಬರಲಿ. ಫೀಸಿಗೆ ನಿಗದಿತ ಮೊತ್ತ ಬರೆದರೆ ಪ್ರತಿವರ್ಷ ಎಷ್ಟು ಶೇಕಡಾ ಏರಿಕೆ ಎಂಬುದನ್ನೂ ಸೇರಿಸಿ. ಮಗುವಿನ ಜೀವನಾಂಶವನ್ನು ತಾಯಿ 'ಬಿಟ್ಟುಕೊಟ್ಟಿದ್ದೇನೆ' ಎಂದು ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಮಗುವಿನ ಹಿತಕ್ಕಾಗಿ ನ್ಯಾಯಾಲಯ ಯಾವಾಗ ಬೇಕಾದರೂ ಷರತ್ತು ಬದಲಿಸಬಹುದು.

ನಮ್ಮ ಅಭಿಪ್ರಾಯ ಕೇಳಿದರೆ: ಕೇಸು ಇನ್ನೂ ಹಾಕಿಲ್ಲ, ಇಬ್ಬರೂ ಲೆಕ್ಕಪತ್ರ ತೆರೆದಿಡಲು ಸಿದ್ಧ, ಮಗು ಇದೆ ಎಂದಾದರೆ ಖಾಸಗಿ ಮಧ್ಯಸ್ಥಿಕೆಗೆ ಖರ್ಚು ಮಾಡಿದ್ದು ದಂಡವಲ್ಲ. ಈಗಾಗಲೇ ಎರಡು ಮೂರು ಕಡೆ ಕೇಸು ನಡೆಯುತ್ತಿದ್ದರೆ ಕೋರ್ಟಿನ ಕೇಂದ್ರವೇ ಮೇಲು. ಒಬ್ಬರಿಗೆ ವಿಚ್ಛೇದನವೇ ಬೇಡವಾಗಿದ್ದರೆ ಮಧ್ಯಸ್ಥಿಕೆಯಲ್ಲಿ ಒಂದೆರಡು ಪ್ರಾಮಾಣಿಕ ಪ್ರಯತ್ನ ಮಾಡಿ, ಆಗದಿದ್ದರೆ ವಿಚಾರಣೆಗೆ ಮರಳಿ. ದಾಂಪತ್ಯ ಸರಿಪಡಿಸಲಾರದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ (ಶಿಲ್ಪಾ ಶೈಲೇಶ್, 2023). ಕೌಟುಂಬಿಕ ನ್ಯಾಯಾಲಯದಲ್ಲಿ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಕ್ಷ್ಯ ಕೊಟ್ಟು ಸಾಬೀತು ಮಾಡಲೇಬೇಕು.

ಡಿಕ್ರಿ ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಒಂದಕ್ಕಿಂತ ಹೆಚ್ಚು ಪ್ರತಿ ತೆಗೆಸಿ. ಪಾಸ್‌ಪೋರ್ಟ್, ಬ್ಯಾಂಕು, ಮರುಮದುವೆಯ ನೋಂದಣಿ ಎಲ್ಲಕ್ಕೂ ಬೇಕಾಗುತ್ತದೆ. ವಿಮೆ, ಪಿಎಫ್, ಡಿಮ್ಯಾಟ್ ಖಾತೆಗಳ ನಾಮಿನಿ ಹೆಸರು ಡಿಕ್ರಿಯಿಂದ ತಾನಾಗಿ ಬದಲಾಗುವುದಿಲ್ಲ, ಒಂದೊಂದಕ್ಕೂ ಬೇರೆ ಬೇರೆಯಾಗಿ ಅರ್ಜಿ ಕೊಡಬೇಕು.