ಅಕ್ರಾ ಟಿಕೆಟ್ ಮಾಡಿಸಿದ ಟ್ರಾವೆಲ್ ಏಜೆನ್ಸಿ: 5ಕ್ಕೆ 3

2023ರ ಫೆಬ್ರವರಿಯಲ್ಲಿ ಘಾನಾದ ಅಕ್ರಾದಲ್ಲಿ ಆಂಗ್ಲಿಕನ್ ಕನ್ಸಲ್ಟೇಟಿವ್ ಕೌನ್ಸಿಲ್ (ಜಗತ್ತಿನ ಆಂಗ್ಲಿಕನ್ ಕ್ರೈಸ್ತ ಚರ್ಚ್‌ಗಳ ಒಕ್ಕೂಟವಾದ ಆಂಗ್ಲಿಕನ್ ಕಮ್ಯುನಿಯನ್‌ನ ಸಮಾಲೋಚನಾ ಮಂಡಳಿ) ಸಭೆ ಇತ್ತು. ಬಿಷಪ್‌ಗಳ ಜೊತೆ ಪಾದ್ರಿಗಳು, ಚರ್ಚಿನ ಸಾಮಾನ್ಯ ಸದಸ್ಯರೂ ಪ್ರತಿನಿಧಿಗಳಾಗಿ ಕೂರುವ ಸಭೆ ಇದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಆಂಗ್ಲಿಕನ್ ಕಮ್ಯುನಿಯನ್‌ನ ಸದಸ್ಯ ಚರ್ಚ್, ಗೊತ್ತಲ್ವಾ? ಪರಿಚಯದ ಪ್ರತಿನಿಧಿಯೊಬ್ಬರಿಗಾಗಿ ಬೆಂಗಳೂರಿನ ಈ ಏಜೆನ್ಸಿಗೆ ಓಡಾಡಿದ್ದು ನಾನು.

ಟಿಕೆಟ್ ಕೆಲಸ ಚೆನ್ನಾಗಿತ್ತು. ಆಡಿಸ್ ಅಬಾಬಾ ಮೇಲೆ ಹೋಗುವ ದಾರಿ ಹುಡುಕಿಕೊಟ್ಟರು. ಆಹ್ವಾನ ಪತ್ರ, ವೀಸಾ ಫಾರಂ ಎಲ್ಲ ತಾಳ್ಮೆಯಿಂದ ನೋಡಿದರು.

ಆದರೆ ಹಳದಿ ಜ್ವರದ ಲಸಿಕೆ ಬಗ್ಗೆ ಒಂದು ಮಾತಿಲ್ಲ! ಘಾನಾಗೆ ಆ ಸರ್ಟಿಫಿಕೇಟ್ ಇಲ್ಲದೆ ಹೋಗುವ ಹಾಗಿಲ್ಲ, ಅದೂ ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಲೆಕ್ಕಕ್ಕೆ ಬರುತ್ತದೆ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಸ್ಲಾಟ್ ಸಿಗುವುದೂ ಕಷ್ಟ. ಇದಿಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್. ಕೇಳಿದರೆ 'ಅದು ನಮ್ಮ ಕೆಲಸ ಅಲ್ಲ ಸರ್' ಅಂದರು. ಸರ್ವಿಸ್ ಚಾರ್ಜ್ ಮಾತ್ರ ಜಾಸ್ತಿಯೇ. ಲಸಿಕೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ, ಅದೊಂದು ಸಮಾಧಾನ. ಮೊಟ್ಟೆ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ಹೇಳಿ.

ಲಂಡನ್, ದುಬೈ ಟಿಕೆಟ್‌ಗೆ ಇವರ ಹತ್ತಿರ ಧಾರಾಳವಾಗಿ ಹೋಗಬಹುದು. ಆಫ್ರಿಕಾ ಕಡೆ ಹೊರಟರೆ ಲಸಿಕೆ ಮೊದಲು ಮುಗಿಸಿ, ಆಮೇಲೆ ಇವರ ಬಾಗಿಲು ತಟ್ಟಿ.