ನಾಲ್ಕು ವರ್ಷ ಬಿಸಿ-ತಂಪು ಸೀಟಿನ ಮೇಲೆ ಕೂತು ಬರೆದದ್ದು

ಕಾರು ಕೊಳ್ಳುವಾಗ ಈ ಸೀಟಿನ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಜವಾಗ್ಲೂ ಬೇಕಾ?" ಟಾಪ್ ಮಾಡೆಲ್ ತಗೊಂಡರೆ ಹೇಗೂ ಜೊತೆಗೇ ಬರುತ್ತೆ ಅಂದರು. ಬಂತು. ಈಗ ನಾಲ್ಕು ವರ್ಷವಾಗಿದೆ, ಕಾರು ಅರವತ್ತು ಸಾವಿರ ಕಿಲೋಮೀಟರ್ ದಾಟಿದೆ. ಬಿಸಿ ಬಟನ್ ಮೇಲಿನ ಚಿತ್ರ ಅರ್ಧ ಅಳಿಸಿಹೋಗಿದೆ. ತಂಪಿನ ಬಟನ್ ಇನ್ನೂ ಹೊಸದರ ಹಾಗಿದೆ, ಯಾಕಂದ್ರೆ ಮೊದಲ ವರ್ಷವಿಡೀ ಅದನ್ನು ಮುಟ್ಟಿದ್ದೇ ಕಡಿಮೆ. ಅದು ಕೆಲಸ ಮಾಡೋದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಮೊದಲು ಬಿಸಿಯ ಮಾತು. ಇದರಲ್ಲಿ ಗುಟ್ಟೇನೂ ಇಲ್ಲ. ಸೀಟಿನ ಹೊದಿಕೆಯ ಕೆಳಗೆ, ಫೋಮ್ ಮೇಲೆ, ತೆಳುವಾದ ಒಂದು ಮ್ಯಾಟ್ ಇರುತ್ತದೆ. ಅದರೊಳಗೆ ಹಾವಿನ ಹಾಗೆ ಅತ್ತಿತ್ತ ಹರಿದಾಡಿದ ತಂತಿ, ಇಲ್ಲವೇ ಕಾರ್ಬನ್ ಎಳೆ. ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯೂ ಹಾಗೇ ತಾನೆ? ಒಂದು ಸೀಟಿಗೆ ಸುಮಾರು 50ರಿಂದ 100 ವ್ಯಾಟ್ ಬೇಕು. 60 ವ್ಯಾಟ್ ಅಂದುಕೊಂಡರೆ 12 ವೋಲ್ಟ್ ಬ್ಯಾಟರಿಯಿಂದ 5 ಆಂಪಿಯರ್. ಎಂಜಿನ್ ಓಡುವಾಗ ಇದು ಲೆಕ್ಕಕ್ಕೇ ಇಲ್ಲ. ಎಂಜಿನ್ ಆಫ್ ಮಾಡಿ, ಯಾರಿಗೋ ಕಾಯುತ್ತಾ ಎರಡು ಸೀಟನ್ನೂ ಬಿಸಿ ಮಾಡಿಕೊಂಡು ಕೂತರೆ ಮಾತ್ರ ಬ್ಯಾಟರಿ ಸುಸ್ತಾಗುತ್ತದೆ.

ನನಗೆ ಇಷ್ಟವಾಗಿದ್ದು ಇದರ ವೇಗ. ಕಾರಿನ ಮಾಮೂಲಿ ಹೀಟರ್ ಎಂಜಿನ್ನಿನ ಶಾಖವನ್ನೇ ನಂಬಿಕೊಂಡಿರುತ್ತದೆ. ಎಂಜಿನ್ ಸುತ್ತ ಹರಿಯುವ ಕೂಲೆಂಟ್ ದ್ರವ ಬಿಸಿಯಾಗುವವರೆಗೆ ಅದು ತಣ್ಣನೆ ಗಾಳಿಯನ್ನೇ ಮುಖಕ್ಕೆ ಊದುತ್ತದೆ. ಸೀಟಿಗೆ ಕಾಯುವ ಕೆಲಸವಿಲ್ಲ. ಬಟನ್ ಒತ್ತಿ, ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಳ್ಳುವಷ್ಟರಲ್ಲಿ ತೊಡೆಯ ಕೆಳಗೆ ಬೆಚ್ಚಗಾಗಿರುತ್ತದೆ. ಎಲೆಕ್ಟ್ರಿಕ್ ಕಾರಿನವರು ಇದನ್ನು ಅಷ್ಟು ಹೊಗಳುವುದಕ್ಕೂ ಕಾರಣವಿದೆ. ಕಾರಿನೊಳಗಿನ ಗಾಳಿಯನ್ನೆಲ್ಲ ಬಿಸಿ ಮಾಡಲು ಕಿಲೋವ್ಯಾಟ್ ಲೆಕ್ಕದಲ್ಲಿ ಕರೆಂಟ್ ಬೇಕು. ಕೂತವರನ್ನಷ್ಟೇ ಬೆಚ್ಚಗಿಡಲು ಒಂದು ಹಳೇ ಬಲ್ಬಿಗೆ ಬೇಕಾದಷ್ಟು ಸಾಕು.

ನನ್ನ ಸೀಟಿನಲ್ಲಿ ಮೂರು ಹಂತಗಳಿವೆ. ಮೂರರಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಅದೇ ಎರಡಕ್ಕೆ ಇಳಿಯುತ್ತದೆ. ಮೊದಲು ಇದನ್ನು ಕೆಟ್ಟಿದೆ ಅಂತಲೇ ತಿಳಿದಿದ್ದೆ. ಬೇಕಂತಲೇ ಹಾಗೆ ಮಾಡಿದ್ದಾರಂತೆ. ಮ್ಯಾಟ್ ಒಳಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ, ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಕಂಟ್ರೋಲ್ ಪೆಟ್ಟಿಗೆ ಅದನ್ನು ನೋಡಿಕೊಂಡು ಕರೆಂಟ್ ಕೊಡುತ್ತದೆ, ನಿಲ್ಲಿಸುತ್ತದೆ. ಆದರೆ ಸೆನ್ಸರ್‌ಗೆ ಗೊತ್ತಾಗುವುದು ತಾನಿರುವ ಜಾಗದ ಬಿಸಿ ಮಾತ್ರ. ಮೇಲೆ ದಪ್ಪ ದಿಂಬೋ ಕಂಬಳಿಯೋ ಹಾಸಿದರೆ ಶಾಖ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಯವಿಟ್ಟು ಹಾಸಬೇಡಿ.

ಇನ್ನೊಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ನಮ್ಮಪ್ಪನಿಗೆ ಹಳೇ ಸಕ್ಕರೆ ಕಾಯಿಲೆ, ಕಾಲಿನ ಕಡೆ ಸ್ಪರ್ಶ ಮಂದವಾಗಿದೆ. ಒಂದು ದೂರದ ಪ್ರಯಾಣದಲ್ಲಿ ಪಕ್ಕದ ಸೀಟನ್ನು ಮೂರರಲ್ಲೇ ಇಟ್ಟು ಕೂರಿಸಿದ್ದೆ. ಎರಡಕ್ಕೆ ಇಳಿದಾಗಲೆಲ್ಲ ನಾನೇ ಮತ್ತೆ ಏರಿಸುತ್ತಿದ್ದೆ, ಪಾಪ ಚಳಿ ಇರಬೇಕು ಅಂತ. "ಬಿಸಿ ಆಗ್ತಿದೆಯಾ ಅಪ್ಪಾ?" ಅಂದರೆ "ಏನೂ ಗೊತ್ತಾಗ್ತಿಲ್ಲ ಕಣೋ" ಅಂದರು. ಸೀಟಿಗೆ ಕೈ ಇಟ್ಟು ನೋಡಿದೆ, ನನಗೇ ಜಾಸ್ತಿ ಅನ್ನಿಸುವಷ್ಟು ಬಿಸಿ. ಇಳಿದ ಮೇಲೆ ನೋಡಿದರೆ ತೊಡೆಯ ಹಿಂಭಾಗ ಕೆಂಪಗಾಗಿತ್ತು. ಗುಳ್ಳೆ ಏಳಲಿಲ್ಲ, ಪುಣ್ಯ. ಸ್ಪರ್ಶ ಕಡಿಮೆ ಇರುವವರಿಗೆ ಸುಡುತ್ತಿರುವುದು ಗೊತ್ತಾಗುವುದೇ ಇಲ್ಲ. ಚೆನ್ನಾಗಿರುವವರಿಗೂ ದಿನಾ ಗಂಟೆಗಟ್ಟಲೆ ಬಿಸಿ ತಾಗಿದರೆ ಚರ್ಮದ ಮೇಲೆ ಬಲೆಯ ಹಾಗೆ ಕಂದು ಗೆರೆ ಮೂಡುವುದುಂಟು. ಈಗ ನಾನು ಮೂರರಲ್ಲಿ ಶುರುಮಾಡಿ, ಮೈ ಬೆಚ್ಚಗಾದ ಕೂಡಲೇ ಒಂದಕ್ಕೆ ಇಳಿಸುತ್ತೇನೆ. ಅಪ್ಪ ಕೂತರೆ ಆಫ್.

ಇನ್ನು ತಂಪು. ಮೊದಲ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಹತ್ತಿ ತಂಪಿನ ಬಟನ್ ಒತ್ತಿದೆ. ಫ್ಯಾನ್ ಸದ್ದು ಬಂತು. ಬೆನ್ನು ಕಾದ ಹೆಂಚಿನ ಹಾಗೇ ಇತ್ತು. ಐದು ನಿಮಿಷ ಕಾದು ಬೈದು ಆಫ್ ಮಾಡಿದೆ. ಬಿಸಿ ಸೀಟು ಶಾಖ ಹುಟ್ಟಿಸುತ್ತೆ, ಹಾಗಾದರೆ ತಂಪು ಸೀಟು ತಂಪು ಹುಟ್ಟಿಸಬೇಕಲ್ವಾ ಅನ್ನೋದು ನನ್ನ ಲೆಕ್ಕ. ಆ ಲೆಕ್ಕವೇ ತಪ್ಪು. ಹೆಚ್ಚಿನ ಕಾರುಗಳಲ್ಲಿ ತಂಪು ಸೀಟು ಅಂದರೆ ಬರೀ ಫ್ಯಾನ್. ಸೀಟಿನೊಳಗೆ ಗಾಳಿ ಓಡಾಡಲು ಜಾಲರಿಯಂಥ ಒಂದು ಪದರ, ಮೇಲೆ ಸಣ್ಣ ಸಣ್ಣ ತೂತಿನ ಚರ್ಮ, ಅಷ್ಟೇ. ತಂಪು ಮಾಡುವ ಯಂತ್ರ ಅಲ್ಲಿ ಏನೂ ಇಲ್ಲ. ಗಾಳಿ ಹರಿದಾಗ ಬೆವರು ಆರುತ್ತದೆ, ಬೆವರು ಆರಿದಾಗ ಮೈ ತಣ್ಣಗಾಗುತ್ತದೆ.

ಗಾಳಿ ಯಾವ ಕಡೆಗೆ ಹರಿಯುತ್ತೆ ಅಂತ ತಿಳಿಯಲು ಒಂದು ಟಿಶ್ಯೂ ಪೇಪರ್ ಬಿಡಿಸಿ ಖಾಲಿ ಸೀಟಿನ ಮೇಲೆ ಹಾಕಿ, ಫ್ಯಾನ್ ಮೂರಕ್ಕೆ ಇಟ್ಟೆ. ಪೇಪರ್ ಚರ್ಮಕ್ಕೆ ಅಂಟಿಕೊಂಡಿತು. ತೂತುಗಳ ಸಾಲು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಅಂದರೆ ನನ್ನ ಸೀಟು ಊದುವುದಿಲ್ಲ, ಎಳೆದುಕೊಳ್ಳುತ್ತದೆ. ನನ್ನ ಸುತ್ತ ಇರುವ ಗಾಳಿ ಬಟ್ಟೆಯ ಮೂಲಕ ಒಳಗೆ ಹೋಗಿ ಸೀಟಿನ ಕೆಳಗೆ ಹೊರಬೀಳುತ್ತದೆ. ಕಾರಿನೊಳಗೆ ಬಿಸಿಗಾಳಿ ತುಂಬಿದ್ದರೆ ಬೆನ್ನಿಗೂ ಬಿಸಿಗಾಳಿಯೇ ಗತಿ. ಅಲ್ಲಿಂದ ಬಳಸುವ ಕ್ರಮ ಬದಲಾಯಿಸಿದೆ. ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ, ಆಮೇಲೆ ಎಸಿ, ಗಾಳಿ ತಣ್ಣಗಾದ ಮೇಲೆ ಸೀಟಿನ ಫ್ಯಾನ್. ಈ ವರಸೆಯಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಎರಡು ಗಂಟೆ ಓಡಿಸಿ ಇಳಿದರೂ ಅಂಗಿ ಬೆನ್ನಿಗೆ ಅಂಟಿರುವುದಿಲ್ಲ. ಎಸಿಯನ್ನು ಮೊದಲಿಗಿಂತ ಎರಡು ಡಿಗ್ರಿ ಮೇಲಿಟ್ಟರೂ ನಡೆಯುತ್ತದೆ. ಮೂರರಲ್ಲಿ ಫ್ಯಾನ್ ಸದ್ದು ಮಾತ್ರ ಕಿರಿಕಿರಿ. ನಾನು ಎರಡರ ಮೇಲೆ ಹೋಗುವುದಿಲ್ಲ.

ನಿಜವಾಗಿ ತಂಪು ಹುಟ್ಟಿಸುವ ಸೀಟುಗಳೂ ಇವೆ. ಅವುಗಳಲ್ಲಿ ಪೆಲ್ಟಿಯೇ ಅನ್ನುವ ಸಾಧನ ಇರುತ್ತದೆ. ಎರಡು ಬಗೆಯ ಸೆಮಿಕಂಡಕ್ಟರ್ ತುಂಡುಗಳನ್ನು ಜೋಡಿಸಿ ಕರೆಂಟ್ ಹರಿಸಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಮುಖ ಬಿಸಿ. ಕರೆಂಟ್ ದಿಕ್ಕು ತಿರುಗಿಸಿದರೆ ಮುಖಗಳೂ ಅದಲುಬದಲು. ಹಾಗಾಗಿ ಒಂದೇ ಸಾಧನದಿಂದ ಎರಡೂ ಕೆಲಸ. ಈ ಗುಣ ಪತ್ತೆಯಾಗಿದ್ದು 1834ರಲ್ಲಿ. ಕಾರಿನ ವಿಷಯಕ್ಕೆ ಬಂದರೆ, ಬಿಸಿ ಸೀಟನ್ನು ಕ್ಯಾಡಿಲಾಕ್ 1966ರಲ್ಲೇ ಆಯ್ಕೆಯಾಗಿ ಕೊಟ್ಟಿತ್ತು. ಫ್ಯಾನ್ ಇರುವ ಸೀಟು ಬರಲು 1997ರ ಸಾಬ್ 9-5 ತನಕ ಕಾಯಬೇಕಾಯಿತು. ಬಿಸಿ ಮಾಡುವುದು ಸುಲಭ, ತಣ್ಣಗೆ ಮಾಡುವುದೇ ತಲೆನೋವು.

ರಿಪೇರಿ ಕಥೆ ಒಂದೇ. ಮೂರನೇ ವರ್ಷ ನನ್ನ ಸೀಟಿನ ಬೆನ್ನು ಬಿಸಿಯಾಗುತ್ತಿತ್ತು, ಕೂರುವ ಭಾಗ ತಣ್ಣಗೇ ಇರುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಇಡೀ ಸೀಟೇ ಬದಲಾಯಿಸಬೇಕು ಅಂದರು. ನಂಬಿಕೆ ಬರಲಿಲ್ಲ. ಗೊತ್ತಿದ್ದ ಒಬ್ಬ ಎಲೆಕ್ಟ್ರಿಷಿಯನ್ ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರು. ಸರ್ಕ್ಯೂಟ್ ಎಲ್ಲೋ ಕಡಿದಿದೆ. "ಸೀಟಿನ ಮೇಲೆ ಮಂಡಿ ಊರಿದ್ರಾ ಸಾರ್?" ಅಂದರು. ಊರಿದ್ದೆ. ಹಿಂದಿನ ಸೀಟಿನ ಚೀಲ ಎಳೆಯಲು ದಿನಾ ಅದೇ ಕೆಲಸ. ಭಾರವೆಲ್ಲ ಒಂದೇ ಜಾಗಕ್ಕೆ ಬಿದ್ದು ತಂತಿ ಮಡಚಿ ಮಡಚಿ ತುಂಡಾಗಿತ್ತು. ಉದ್ದಕ್ಕೆ ಒಂದೇ ತಂತಿ, ಒಂದು ಕಡೆ ಕಡಿದರೆ ಪೂರ್ತಿ ಸತ್ತಂತೆ. ಹೊದಿಕೆ ಬಿಚ್ಚಿ ಮ್ಯಾಟ್ ಮಾತ್ರ ಬದಲಾಯಿಸಿದರು, ಅರ್ಧ ದಿನದ ಕೆಲಸ. ಶುರುಮಾಡುವ ಮೊದಲು ಅವರು ಬ್ಯಾಟರಿ ಕಳಚಿ, ಉಳಿದ ಕರೆಂಟ್ ಇಳಿಯಲಿ ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ, ಅದರ ಹಳದಿ ಕನೆಕ್ಟರ್ ಜೊತೆ ಆಟವಾಡುವ ಹಾಗಿಲ್ಲ. ಹೊರಗಿನಿಂದ ಬಿಸಿ ಸೀಟಿನ ಕಿಟ್ ತಂದು ಹಾಕಿಸುವವರು ಇದನ್ನು ನೆನಪಿಡಿ. ಏರ್‌ಬ್ಯಾಗ್ ಇರುವ ಸೀಟಿಗೆ ಸಿಕ್ಕ ಕವರ್ ಹೊಲಿಸುವುದೂ ಬೇಡ. ಸಾಲದ್ದಕ್ಕೆ ಕವರ್ ಹಾಕಿದರೆ ಫ್ಯಾನಿಗೆ ಗಾಳಿಯೂ ಸಿಗುವುದಿಲ್ಲ.

ನೋಡಿಕೊಳ್ಳುವುದು ಅಂಥ ಕಷ್ಟವಲ್ಲ. ಚರ್ಮಕ್ಕೆ ಹಚ್ಚುವ ಕ್ರೀಮನ್ನು ಸೀಟಿನ ಮೇಲೆ ಸುರಿಯದೆ ಬಟ್ಟೆಗೆ ಹಾಕಿ ಒರೆಸಬೇಕು, ಇಲ್ಲದಿದ್ದರೆ ತೂತೆಲ್ಲ ಮುಚ್ಚಿಹೋಗುತ್ತವೆ. ನಾನು ಎರಡು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯುತ್ತೇನೆ.

ಹೋದ ತಿಂಗಳು ಅಕ್ಕನಿಗೆ ಕಾರು ನೋಡಲು ಹೋಗಿದ್ದೆವು. ಜೇಬಿನಲ್ಲಿ ಟಿಶ್ಯೂ ಪೇಪರ್ ಇತ್ತು. ಮೊದಲ ಶೋರೂಮಿನಲ್ಲಿ ಹಾಕಿದ ಕೂಡಲೇ ಪೇಪರ್ ಮೇಲೆದ್ದು ಅಲುಗಾಡಿತು, ಊದುವ ಜಾತಿ. "ಹಾರಿದ್ರೆ ಒಳ್ಳೇದೋ, ಅಂಟಿದ್ರೆ ಒಳ್ಳೇದೋ?" ಅಂದಳು ಅಕ್ಕ. ಯಾವುದಾದರೂ ಸರಿ, ಗಾಳಿ ಆಡಿದರೆ ಸಾಕು ಅಂದೆ. ಎರಡನೇ ಕಡೆ ಸೀಟು ನೋಡಲು ಇನ್ನೂ ಚೆಂದ, ತುಂಬಾ ತೂತು. ಪೇಪರ್ ಹಾಕಿದೆ. ಮಿಸುಕಲಿಲ್ಲ. ಫ್ಯಾನ್ ಸ್ವಿಚ್ ಎಲ್ಲಿ ಅಂತ ಕೇಳಿದೆ. ಆ ಹುಡುಗ ಸ್ವಲ್ಪ ತಡವರಿಸಿ, "ಈ ಮಾಡೆಲ್‌ನಲ್ಲಿ ಫ್ಯಾನ್ ಬರಲ್ಲ ಸಾರ್, ಅದು ಡಿಸೈನ್" ಅಂದ.