ಜೆಲ್ವೆಗೆ ಚಪ್ಪಲಿಯಲ್ಲಿ ಹೋಗಬೇಡಿ

ಟರ್ಕಿಯ ಕಪ್ಪಡೋಸಿಯಕ್ಕೆ ಹೋದವರೆಲ್ಲ ಗೋರೆಮೆಯ ಬಯಲು ವಸ್ತುಸಂಗ್ರಹಾಲಯಕ್ಕೆ ನುಗ್ಗುತ್ತಾರೆ. ನಾವೂ ನುಗ್ಗಿದೆವು. ಅಲ್ಲಿ ಬಂಡೆಯಲ್ಲಿ ಕೊರೆದ ಚರ್ಚುಗಳ ಭಿತ್ತಿಚಿತ್ರಗಳು ಸೊಗಸೇ. ಆದರೆ ಹಿಂದಿನವರ ಮೊಣಕೈ ಬೆನ್ನಿಗೆ ತಿವಿಯುತ್ತಿದ್ದರೆ ನೋಡುವುದಾದರೂ ಹೇಗೆ? ಮರುದಿನ ಬೆಳಿಗ್ಗೆ ಅವಾನೋಸ್ ಪಟ್ಟಣದ ಕಡೆಗಿರುವ ಜೆಲ್ವೆಗೆ, ಅಂಥದೇ ಇನ್ನೊಂದು ಬಯಲು ವಸ್ತುಸಂಗ್ರಹಾಲಯಕ್ಕೆ, ಹೋದೆವು. ಕೈಯಲ್ಲಿ ಒಂದೇ ದಿನವಿದ್ದರೆ ನಾನು ಇದನ್ನೇ ನೋಡುತ್ತೇನೆ.

ಗೋರೆಮೆಯ ಹಾಗೆ ಇಲ್ಲೂ ಮೊದಲು ಕ್ರೈಸ್ತ ಸನ್ಯಾಸಿಗಳಿದ್ದರು. ಆದರೆ ಕೊನೆಗೆ ಉಳಿದದ್ದು ಸಂಸಾರಸ್ಥರ ಊರು. ಮೂರು ಕಣಿವೆಗಳ ಬಂಡೆಯಲ್ಲಿ ಕೊರೆದ ಮನೆಗಳಲ್ಲಿ 1952ರವರೆಗೂ ಒಲೆ ಉರಿಯುತ್ತಿತ್ತು. ಬಂಡೆ ಕುಸಿಯುವ ಭಯದಿಂದ ಜನರನ್ನು ಹತ್ತಿರದ ಹೊಸ ಊರಿಗೆ ಕಳಿಸಿದರು. ಒಂದು ಗುಹೆಯ ಚಾವಣಿ ಇನ್ನೂ ಹೊಗೆ ಹಿಡಿದು ಕಪ್ಪಾಗಿದೆ. ನನ್ನ ಹೆಂಡತಿ ತಲೆಯೆತ್ತಿ ನೋಡಿದವಳೇ, "ಹೊಗೆ ಹೋಗಲು ದಾರಿ ಇಟ್ಟಿಲ್ಲ, ಇದನ್ನು ಕೊರೆದವನು ಗಂಡಸೇ" ಎಂದಳು.

ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವನು ನಾನು. ಕಲ್ಲಿನ ಮೇಲೆ ಕಲ್ಲಿಟ್ಟು ಏರುವುದು ಗೊತ್ತೇ ಹೊರತು, ಇರುವುದನ್ನೆಲ್ಲ ಕೆತ್ತಿ ತೆಗೆದು ಮನೆ ಮಾಡುವುದು ಗೊತ್ತಿರಲಿಲ್ಲ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಈ ಸೀಮೆಯ ಕಲ್ಲುಚರ್ಚುಗಳಲ್ಲಿ ಕಂಬ, ಕಮಾನು ಎಲ್ಲವೂ ಇವೆ. ಆದರೆ ಅವು ಭಾರ ಹೊರುವುದಿಲ್ಲ, ಕಟ್ಟಿದ ಚರ್ಚಿನ ಹಾಗೆ ಕಾಣಲೆಂದು ಬಂಡೆಯಲ್ಲೇ ಕೆತ್ತಿ ಉಳಿಸಿದವು. ಕಂಬದ ಬುಡ ಮುರಿದರೂ ಮೇಲಿನ ತುಂಡು ಚಾವಣಿಗೆ ಜೋತುಬಿದ್ದಿರುತ್ತದೆ. ನನಗೆ ನಗು ತಡೆಯಲಾಗಲಿಲ್ಲ.

ಉಜುಮ್ಲು ಚರ್ಚಿನ ದ್ರಾಕ್ಷಿಗೊಂಚಲಿನ ಚಿತ್ರ ಮಾಸಿದೆ, ಆದರೂ ಹುಡುಕಿಕೊಂಡು ಹೋಗಿ. ಬಂಡೆಯಲ್ಲೇ ಕೊರೆದ ಮಸೀದಿಯೂ ಇದೆ, ಪುಟ್ಟ ಮಿನಾರಿನ ಸಹಿತ. ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ, 1924ರಲ್ಲಿ, ಇಲ್ಲಿನ ಕ್ರೈಸ್ತರು ಊರು ಬಿಟ್ಟರು. ಅಲ್ಲಿಯವರೆಗೆ ಎರಡೂ ಮತದವರು ಇದೇ ಕಣಿವೆಯಲ್ಲಿದ್ದರು. ಎತ್ತರದಲ್ಲಿ ಕಾಣುವ ಸಾಲುಸಾಲು ಸಣ್ಣ ಕಿಂಡಿಗಳು ಪಾರಿವಾಳದ ಗೂಡುಗಳು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಕೊರತೆಗಳಿವೆ. ವಿವರದ ಫಲಕಗಳು ಸಾಲವು, ನೆರಳು ಕಡಿಮೆ, ಎಷ್ಟೋ ಗುಹೆಗಳಿಗೆ ಅಡ್ಡಗಟ್ಟಿ ಒಳಗೆ ಬಿಡುವುದಿಲ್ಲ. ಕುಸಿಯುವ ಕಲ್ಲನ್ನು ಕಂಡವನಾಗಿ ಈ ಕೊನೆಯದರ ಬಗ್ಗೆ ನನ್ನ ತಕರಾರಿಲ್ಲ. ಮೆಟ್ಟಿಲುಗಳ ಮೇಲಿನ ಪುಡಿಮಣ್ಣು ಮಾತ್ರ ಸಾಬೂನಿನ ಹಾಗೆ. ಚಪ್ಪಲಿಯಲ್ಲಿ ಹೋದ ನಾನು ಎರಡು ಸಲ ಜಾರಿದೆ.

ಅದೇ ಟಿಕೆಟ್ಟಿನಲ್ಲಿ ಸುಮಾರು ಒಂದು ಕಿಲೋಮೀಟರ್ ದೂರದ ಪಾಶಾಬಾ ಎಂಬಲ್ಲಿನ ಕಲ್ಲಣಬೆಗಳನ್ನೂ, ಅಂದರೆ ಅಣಬೆಯ ಆಕಾರದ ಕಲ್ಲುಕಂಬಗಳನ್ನೂ, ನೋಡಬಹುದು. ನಾನು ಉಳುಕಿದ ಕಾಲು ಚಾಚಿ ಹೊರಗೇ ಕುಳಿತೆ. ಹೆಂಡತಿ ಒಬ್ಬಳೇ ಸುತ್ತಿ ಬಂದು, ಜೆಲ್ವೆಯೇ ವಾಸಿ ಎಂದಳು.